ಸುತ್ತ ನೆಲವಿರುವ ಕಡಲಿನ ಹಳೆಯ ಸುನಾಮಿಗಳು: ಲೆಕ್ಕಕ್ಕೆ ಯಾವ ಮಾದರಿ ಆರಿಸಬೇಕು?

ಕಾರವಾರ, ಕುಮಟಾ, ಶಿರಸಿಯ ಕಡೆಯಿಂದ ಭೌತಶಾಸ್ತ್ರವನ್ನೋ ಭೂವಿಜ್ಞಾನವನ್ನೋ ಸಿವಿಲ್ ಎಂಜಿನಿಯರಿಂಗನ್ನೋ ಓದುತ್ತಿರುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಸುನಾಮಿಯ ವಿಷಯ ಎತ್ತಿಕೊಂಡಾಗ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕೆಲವರಿಗೆ 1945ರಲ್ಲಿ ಪಾಕಿಸ್ತಾನ–ಇರಾನಿನ ಮಕ್ರಾನ್ ತೀರದಾಚೆ ಆದ ಭೂಕಂಪದ ಅಲೆ ನಮ್ಮ ದಂಡೆಗೆ ಹೇಗೆ ಬಂತೆಂದು ಲೆಕ್ಕ ಹಾಕಬೇಕಿರುತ್ತದೆ. ಇನ್ನು ಕೆಲವರು ಮೆಡಿಟರೇನಿಯನ್, ಟರ್ಕಿಯ ಮಾರ್ಮರಾ, ಜಪಾನ್ ಸಮುದ್ರಗಳಂಥ, ಸುತ್ತಲೂ ನೆಲವಿರುವ ಕಡಲಿನ ಹಳೆಯ ಭೂಕಂಪವೊಂದನ್ನು ಆರಿಸಿಕೊಂಡಿರುತ್ತಾರೆ, ಏಕೆಂದರೆ ಅಲ್ಲಿನ ಕಡಲತಳದ ನಕ್ಷೆಗಳೂ ಚರಿತ್ರೆಯ ದಾಖಲೆಗಳೂ ಸುಲಭವಾಗಿ ಸಿಗುತ್ತವೆ. ಇಬ್ಬರೂ ಬಂದು ನಿಲ್ಲುವುದು ಜಿಯೋಕ್ಲಾ, ಕಾಮ್‌ಕಾಟ್, ತುನಾಮಿ-ಎನ್2, ಕಾಮಿಟ್, ಹೈಸೀ, ಫನ್‌ವೇವ್ ಎಂಬ, ಸುನಾಮಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿಗಳ ಹೆಸರುಗಳ ಎದುರಿಗೆ: ಇವುಗಳಲ್ಲಿ ಯಾವುದು?

ಈ ಪ್ರಶ್ನೆಗೆ ತಂತ್ರಾಂಶದ ಕಡೆಯಿಂದ ಉತ್ತರ ಹುಡುಕಲು ಹೊರಟರೆ ತಿಂಗಳುಗಟ್ಟಲೆ ಸಮಯ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಭೂಕಂಪಗಳ ವಿಷಯದಲ್ಲಿ ದೊಡ್ಡ ಅನಿಶ್ಚಯ ಇರುವುದು ಸಮೀಕರಣಗಳಲ್ಲಲ್ಲ. ಕಡಲತಳ ಎಲ್ಲಿ, ಎಷ್ಟು, ಯಾವ ರೀತಿಯಲ್ಲಿ ಮೇಲೆದ್ದಿತು ಎಂಬುದರಲ್ಲಿ ಮತ್ತು ನಮ್ಮ ಕೈಯಲ್ಲಿರುವ ಆಳದ ನಕ್ಷೆಯಲ್ಲಿ ಅದು ಅಡಗಿದೆ. ಹಾಗಾಗಿ ಒಂದೇ ಲೆಕ್ಕವನ್ನು ಅತಿ ಸೂಕ್ಷ್ಮವಾಗಿ ಮಾಡುವ ಮಾದರಿಗಿಂತ, ಹಲವು ಊಹೆಗಳನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡಲು ಬಿಡುವ ಮಾದರಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮುಂದಿನ ಹೋಲಿಕೆಯೆಲ್ಲ ಈ ನಿಲುವಿನಿಂದಲೇ ಹೊರಟಿದೆ.

ಮುಚ್ಚಿದ ಕಡಲಿನಲ್ಲಿ ಬದಲಾಗುವುದೇನು?

ತೆರೆದ ಸಾಗರದಲ್ಲಿ ಎದ್ದ ಅಲೆ ದಂಡೆಗೆ ಬಡಿದು ಹಿಂದಿರುಗಿದ ಮೇಲೆ ಬಹುಪಾಲು ದೂರ ಹೊರಟುಹೋಗುತ್ತದೆ. ಸುತ್ತ ನೆಲವಿರುವ ಕಡಲಿನಲ್ಲಿ ಹೋಗಲು ಜಾಗವಿಲ್ಲದ ಶಕ್ತಿಯು, ಹೊತ್ತು ತರುವ ಕೊಡದ ನೀರು ತುಳುಕಿದಂತೆ, ಈ ದಂಡೆಯಿಂದ ಆ ದಂಡೆಗೆ ಓಲಾಡುತ್ತಿರುತ್ತದೆ. ಮಾರ್ಮರಾ ಸಮುದ್ರ ಸುಮಾರು 280 ಕಿ.ಮೀ. ಉದ್ದ, 80 ಕಿ.ಮೀ. ಅಗಲವಷ್ಟೇ ಇದ್ದು, ಅಲ್ಲಿ ಮೊದಲ ಅಲೆ ಹತ್ತಿರದ ದಂಡೆಯನ್ನು ಕೆಲವೇ ನಿಮಿಷಗಳಲ್ಲಿ ಮುಟ್ಟುತ್ತದೆ. ಆದರೆ ಅತಿ ಎತ್ತರದ ಅಲೆ ಮೊದಲನೆಯದೇ ಆಗಿರಬೇಕೆಂದಿಲ್ಲ. ಆದ್ದರಿಂದ ಲೆಕ್ಕವನ್ನು ಅಲೆ ಮುಟ್ಟಿದೊಡನೆ ನಿಲ್ಲಿಸದೆ ಹಲವು ಗಂಟೆಗಳ ಕಾಲ ಓಡಿಸಬೇಕಾಗುತ್ತದೆ.

ಅರಬ್ಬಿ ಸಮುದ್ರ ಮೂರು ಕಡೆ ಮುಚ್ಚಿ ದಕ್ಷಿಣಕ್ಕೆ ತೆರೆದಿರುವುದರಿಂದ ಅದನ್ನು ಅರೆಮುಚ್ಚಿದ ಕಡಲೆನ್ನಬೇಕು. ಆದರೂ ಅದರ ಉತ್ತರಭಾಗದಲ್ಲಿ ಇದೇ ಬಗೆಯ ವರ್ತನೆ ಕಂಡಿದೆ. 1945ರ ನವೆಂಬರ್ 28ರ ನಸುಕಿನಲ್ಲಿ, ನಮ್ಮ ಕಾಲಮಾನ ಸುಮಾರು 3 ಗಂಟೆ 26 ನಿಮಿಷಕ್ಕೆ, ಮಕ್ರಾನ್ ತೀರದಾಚೆ ಪರಿಮಾಣ 8.1ರ ಭೂಕಂಪವಾಯಿತು. ಅಲ್ಲಿನ ಕೆಲವೆಡೆ ಹಾನಿಕಾರಕ ಅಲೆಗಳು ಭೂಕಂಪವಾಗಿ ಗಂಟೆಗಳೇ ಕಳೆದ ಮೇಲೆ ಬಂದವು. ಕರಾಚಿ ಮತ್ತು ಮುಂಬಯಿಯ ಉಬ್ಬರಮಾಪಕಗಳ ದಾಖಲೆಯನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಮರುಪರಿಶೀಲಿಸಿ, ಅಲೆಗಳು ಖಂಡಾವರಣದ, ಅಂದರೆ ದಂಡೆಗೆ ಹೊಂದಿದ ಕಡಲತಳದ, ಆಳವಿಲ್ಲದ ನೀರಿನಲ್ಲಿ ಸಿಕ್ಕಿಬಿದ್ದು ದಂಡೆಯುದ್ದಕ್ಕೂ ಸಾಗಿದ್ದನ್ನು ತೋರಿಸಿದ್ದಾರೆ. ಕಡಲತಳದ ಭೂಕುಸಿತವೂ ಕಾರಣವಿದ್ದೀತು ಎನ್ನುವವರಿದ್ದಾರೆ. ಎರಡನ್ನೂ ಪರೀಕ್ಷಿಸಬೇಕಾದರೆ ಮಾದರಿಯು ದೀರ್ಘಕಾಲ ಓಡಬೇಕು, ದಂಡೆಗೆ ಬಡಿದು ಮರಳುವ ಅಲೆಯನ್ನು ಸೊರಗಿಸದೆ ಉಳಿಸಿಕೊಳ್ಳಬೇಕು.

ಪೂರ್ತಿ ಮುಚ್ಚಿದ ಕಡಲಿನಲ್ಲಿ ಒಂದು ಅನುಕೂಲವೂ ಇದೆ. ಲೆಕ್ಕದ ಅಂಚಿನಲ್ಲಿ ಅಲೆಯನ್ನು ಹೊರಗೆ ಬಿಡುವ ಕೃತಕ ಏರ್ಪಾಡು ಬೇಕಾಗುವುದಿಲ್ಲ, ನೆಲವೇ ಅಂಚು. ಅರಬ್ಬಿ ಸಮುದ್ರವನ್ನು ಆರಿಸಿಕೊಂಡವರು ಈ ಏರ್ಪಾಡಿನ ಗುಣಮಟ್ಟವನ್ನೂ ನೋಡಿಕೊಳ್ಳಬೇಕು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನಿಮಗೆ ಬೇಕಾದ ಉತ್ತರ ಯಾವುದು? ಅಲೆ ಎಷ್ಟು ಹೊತ್ತಿಗೆ ಬಂತು ಎಂಬುದೇ, ದಂಡೆಯಲ್ಲಿ ಎಷ್ಟು ಎತ್ತರವಿತ್ತು ಎಂಬುದೇ, ಅಥವಾ ನೀರು ನೆಲದ ಮೇಲೆ ಎಲ್ಲಿಯವರೆಗೆ ಹರಿಯಿತು ಎಂಬುದೇ? ಈ ಮೂರಕ್ಕೂ ಬೇಕಾಗುವ ಶ್ರಮದಲ್ಲಿ ಅಜಗಜಾಂತರವಿದೆ. ಕೇಳಿಕೊಳ್ಳಬೇಕಾದ ಎರಡನೆಯ ಸಂಗತಿ ಭೂಕಂಪದ ಸ್ವರೂಪ, ಮೂರನೆಯದು ಆಳದ ನಕ್ಷೆ, ನಾಲ್ಕನೆಯದು ಯಂತ್ರ ಮತ್ತು ಸಮಯ. ಇವುಗಳಲ್ಲಿ ಭೂಕಂಪದ ಸ್ವರೂಪ ಮತ್ತು ನಕ್ಷೆಯ ಬಗ್ಗೆ ಬಿಡಿಸಿ ಹೇಳಬೇಕು.

ಭೂಕಂಪದಿಂದ ಕಡಲತಳ ಎಷ್ಟು ಎದ್ದಿತೆಂದು ತಿಳಿಯಲು ಬಹುತೇಕ ಎಲ್ಲರೂ ಬಳಸುವುದು ಒಕಾಡಾ 1985ರಲ್ಲಿ ಪ್ರಕಟಿಸಿದ ಸೂತ್ರಗಳನ್ನು. ಅದಕ್ಕೆ ಸ್ತರಭಂಗದ, ಅಂದರೆ ಬಂಡೆಗಳು ಬಿರಿದು ಜಾರುವ ಬಿರುಕಿನ, ಉದ್ದ, ಅಗಲ, ಆಳ, ಓರೆ, ದಿಕ್ಕು ಮತ್ತು ಬಂಡೆ ಜಾರಿದ ದೂರವನ್ನು ಊಡಿಸಬೇಕು. ಹಳೆಯ ಭೂಕಂಪಕ್ಕೆ ಇವು ಯಾವುವೂ ನೇರವಾಗಿ ಸಿಗುವುದಿಲ್ಲ. ಮಕ್ರಾನಿನ ಲೆಕ್ಕವನ್ನೇ ನೋಡಿ. ಪರಿಮಾಣ 8.1 ಎಂದು ಹಿಡಿದು, ಬಂಡೆಯ ಬಿಗುವನ್ನು 30 ಗಿಗಾಪಾಸ್ಕಲ್ ಎಂದಿಟ್ಟುಕೊಂಡರೆ, 150 ಕಿ.ಮೀ. ಉದ್ದ ಮತ್ತು 70 ಕಿ.ಮೀ. ಅಗಲದ ಸ್ತರಭಂಗ ಸರಾಸರಿ ಸುಮಾರು 5.6 ಮೀಟರ್ ಜಾರಿರಬೇಕು. ಅದೇ ಪರಿಮಾಣಕ್ಕೆ 220 ಕಿ.ಮೀ. ಉದ್ದ, 100 ಕಿ.ಮೀ. ಅಗಲ ಎಂದುಕೊಂಡರೆ ಜಾರಿಕೆ ಸುಮಾರು 2.7 ಮೀಟರಿಗೆ ಇಳಿಯುತ್ತದೆ. ಪುಸ್ತಕದಲ್ಲಿ ಎರಡೂ 8.1, ಕಡಲತಳದ ಏರಿಕೆಯಲ್ಲಿ ಮಾತ್ರ ಸರಿಸುಮಾರು ಇಮ್ಮಡಿ ವ್ಯತ್ಯಾಸ. ಯಾವ ತಂತ್ರಾಂಶದ ಜಾಣ್ಮೆಯೂ ಈ ಅಂತರವನ್ನು ಮುಚ್ಚಲಾರದು.

ಮೆಡಿಟರೇನಿಯನ್ನಿನ ಉದಾಹರಣೆ ಇನ್ನೂ ಕಠಿಣ. ಕ್ರಿ.ಶ. 365ರ ಜುಲೈ 21ರಂದು ಕ್ರೀಟ್ ದ್ವೀಪದ ಬಳಿ ನಡೆದ ಭೂಕಂಪದ ಅಲೆ ಅಲೆಕ್ಸಾಂಡ್ರಿಯವನ್ನು ಹೊಡೆದದ್ದನ್ನು ಇತಿಹಾಸಕಾರ ಅಮಿಯಾನಸ್ ಮಾರ್ಸೆಲಿನಸ್ ವರ್ಣಿಸಿದ್ದಾನೆ. ಕ್ರೀಟಿನ ನೈರುತ್ಯ ದಂಡೆ ಸುಮಾರು 9 ಮೀಟರಿನಷ್ಟು ಮೇಲೆದ್ದ ಗುರುತುಗಳು ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಇಷ್ಟು ಸಾಕ್ಷ್ಯವಿದ್ದರೂ, ಆ ಏರಿಕೆ ಒಂದೇ ಭೂಕಂಪದಲ್ಲಿ ಆಯಿತೆಂದು ಕೆಲವರು, ಹಲವು ಭೂಕಂಪಗಳಲ್ಲಿ ಕೂಡುತ್ತ ಬಂತೆಂದು ಕೆಲವರು ವಾದಿಸುತ್ತಾರೆ. ಸ್ತರಭಂಗದ ಬಗೆಯ ಬಗ್ಗೆಯೇ ಒಮ್ಮತವಿಲ್ಲ. 1908ರ ಡಿಸೆಂಬರ್ 28ರ ಇಟಲಿಯ ಮೆಸ್ಸಿನಾ ಭೂಕಂಪದಲ್ಲಿ ನೀರು ಕೆಲವೆಡೆ 10 ಮೀಟರಿಗೂ ಮೇಲೆ ಏರಿತ್ತು, ಅದಕ್ಕೆ ಸ್ತರಭಂಗವೊಂದೇ ಸಾಕೇ ಅಥವಾ ಕಡಲಡಿಯ ಭೂಕುಸಿತವೂ ಬೇಕೇ ಎಂಬ ಚರ್ಚೆ ಮುಗಿದಿಲ್ಲ. ಮಾರ್ಮರಾದ ಸಂಗತಿ ಬೇರೆ. ಅಲ್ಲಿನ ಮುಖ್ಯ ಸ್ತರಭಂಗ ಅಕ್ಕಪಕ್ಕಕ್ಕೆ ಸರಿಯುವಂಥದು, ಕಡಲತಳವನ್ನು ಹೆಚ್ಚು ಎತ್ತುವುದಿಲ್ಲ. ಆದರೂ 1509ರಲ್ಲಿ ಇಸ್ತಾಂಬುಲಿನ ಕೋಟೆಗೋಡೆಯನ್ನು ಅಲೆಗಳು ದಾಟಿದವೆಂದು ವೃತ್ತಾಂತಗಳಿವೆ, 1999ರ ಆಗಸ್ಟ್ 17ರ ಭೂಕಂಪದಲ್ಲಿ ಇಜ್ಮಿತ್ ಕೊಲ್ಲಿಯ ದೆಯಿರ್ಮೆಂದೆರೆಯ ದಂಡೆಯೇ ಕುಸಿದು ನೀರಿಗಿಳಿಯಿತು. ನಿಮ್ಮ ಭೂಕಂಪ ಈ ಬಗೆಯದಾದರೆ ಭೂಕುಸಿತವನ್ನೂ ಲೆಕ್ಕಕ್ಕೆ ತರಬಲ್ಲ ಮಾದರಿ ಬೇಕಾಗುತ್ತದೆ, ಮತ್ತು ಅದೇ ನಿಮ್ಮ ಆಯ್ಕೆಯನ್ನು ನಿರ್ಧರಿಸುತ್ತದೆ.

ಇನ್ನು ನಕ್ಷೆ. ಜೆಬ್ಕೋ ಎಂಬ ಜಾಗತಿಕ ಆಳದ ನಕ್ಷೆ ಉಚಿತ, ಅದರ ಚೌಕಗಳು ಸುಮಾರು 450 ಮೀಟರಿನವು. ಯುರೋಪಿನ ಕಡಲುಗಳಿಗೆ ಎಮೋಡ್‌ನೆಟ್ ಸುಮಾರು 115 ಮೀಟರಿನ ಚೌಕಗಳಲ್ಲಿ ಆಳವನ್ನು ಉಚಿತವಾಗಿ ಕೊಡುತ್ತದೆ. ಮೆಡಿಟರೇನಿಯನ್ ಆರಿಸಿಕೊಂಡ ವಿದ್ಯಾರ್ಥಿಗೆ ಇದೇ ದೊಡ್ಡ ಲಾಭ. ಭಾರತದ ತೀರದ ಆಳವಿಲ್ಲದ ನೀರಿಗೆ ಗೋವಾದ ಸಂಸ್ಥೆ ತಿದ್ದಿ ಸಿದ್ಧಪಡಿಸಿದ ನಕ್ಷೆಯೂ, ಡೆಹರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯ ನೌಕಾ ಪಟಗಳೂ ಇವೆ. 450 ಮೀಟರಿನ ಚೌಕದಲ್ಲಿ ಕಾಳಿ ನದಿಯ ಅಳಿವೆ ಬೆರಳೆಣಿಕೆಯ ಚೌಕಗಳಲ್ಲಿ ಮುಗಿದುಹೋಗುತ್ತದೆ, ಬೈತಖೋಲದ ಬಂದರು ಕಾಣುವುದೇ ಇಲ್ಲ. ಅಷ್ಟು ಒರಟು ನಕ್ಷೆಯ ಮೇಲೆ ಕೋಡಿಬಾಗದ ಯಾವ ಬೀದಿಗೆ ನೀರು ನುಗ್ಗುತ್ತದೆಂದು ಹೇಳಹೊರಡುವುದು ಸಲ್ಲದು.

ಇಲ್ಲೊಂದು ಸೂಕ್ಷ್ಮವಿದೆ, ಅನುಭವವಿರುವವರೂ ಇದನ್ನು ಮರೆಯುವುದುಂಟು. ನೌಕಾ ಪಟದಲ್ಲಿ ಆಳವನ್ನು ಅಳೆದಿರುವುದು ಅತಿ ಇಳಿತದ ನೀರಿನ ಮಟ್ಟದಿಂದ; ನೆಲದ ಎತ್ತರದ ನಕ್ಷೆಗಳು ಸರಾಸರಿ ಕಡಲಮಟ್ಟದಿಂದ ಲೆಕ್ಕ ಹಾಕುತ್ತವೆ. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಭರತ–ಇಳಿತದ ಅಂತರ ಎರಡು ಮೀಟರಿನ ಆಸುಪಾಸಿನಲ್ಲಿರುವುದರಿಂದ ಈ ಎರಡು ಮಟ್ಟಗಳ ನಡುವೆ ಸುಮಾರು ಒಂದು ಮೀಟರಿನ ವ್ಯತ್ಯಾಸ ಬೀಳುತ್ತದೆ. ಅದನ್ನು ಸರಿಪಡಿಸದೆ ಎರಡು ನಕ್ಷೆಗಳನ್ನು ಜೋಡಿಸಿದರೆ, ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳು ಮಾದರಿಯಲ್ಲಿ ಭೂಕಂಪಕ್ಕೆ ಮೊದಲೇ ಮುಳುಗಿರುತ್ತವೆ, ಇಲ್ಲವೇ ಎಷ್ಟು ದೊಡ್ಡ ಅಲೆ ಬಂದರೂ ಒಣಗಿಯೇ ಉಳಿಯುತ್ತವೆ. ಕಗ್ಗ ಭತ್ತ ಬೆಳೆಯುವ ಈ ಗದ್ದೆಗಳು ಕಡಲಮಟ್ಟಕ್ಕೆ ಅಂಟಿಕೊಂಡಂತೆ ಇವೆ. ಉಪಗ್ರಹದಿಂದ ಪಡೆದ ಉಚಿತ ಎತ್ತರದ ನಕ್ಷೆಗಳ ದೋಷವೇ ಹಲವು ಮೀಟರುಗಳಷ್ಟಿರುವಾಗ ಅವುಗಳನ್ನು ನಂಬಿ ಮುಳುಗಡೆಯ ನಕ್ಷೆ ಬರೆಯಬಾರದು.

ಆಯ್ಕೆಗಳು ಒಂದೊಂದಾಗಿ

ಎಲ್ಲರೂ ಮೊದಲು ಮಾಡಬೇಕಾದ್ದು ತಂತ್ರಾಂಶವೇ ಬೇಡದ ಲೆಕ್ಕ. ಸುನಾಮಿಯ ವೇಗ ನೀರಿನ ಆಳವನ್ನು ಗುರುತ್ವದ 9.8ರಿಂದ ಗುಣಿಸಿ ಬಂದ ಸಂಖ್ಯೆಯ ವರ್ಗಮೂಲಕ್ಕೆ ಸಮ. ಮಕ್ರಾನಿನಿಂದ ಕಾರವಾರಕ್ಕೆ ಹೆಚ್ಚುಕಡಿಮೆ 1,600 ಕಿ.ಮೀ. ಅದರಲ್ಲಿ 1,500 ಕಿ.ಮೀ. ಸರಾಸರಿ 3,000 ಮೀಟರ್ ಆಳದ ನೀರೆಂದು ಹಿಡಿದರೆ ಸೆಕೆಂಡಿಗೆ 171 ಮೀಟರ್ ವೇಗದಲ್ಲಿ ಸುಮಾರು 2 ಗಂಟೆ 25 ನಿಮಿಷ ಬೇಕು. ಉಳಿದ 100 ಕಿ.ಮೀ. ಖಂಡಾವರಣ ಸರಾಸರಿ 60 ಮೀಟರ್ ಆಳದ್ದೆಂದರೆ ವೇಗ 24 ಮೀಟರಿಗೆ ಕುಸಿದು ಇನ್ನೊಂದು ಗಂಟೆ ಹತ್ತು ನಿಮಿಷ ಹಿಡಿಯುತ್ತದೆ. ದಾರಿಯ ಹದಿನಾರನೇ ಒಂದು ಪಾಲು ಮೂರನೇ ಒಂದು ಪಾಲು ಸಮಯವನ್ನು ತಿನ್ನುತ್ತದೆ! ದಂಡೆಯ ಹತ್ತಿರದ ಆಳದ ನಕ್ಷೆಗೆ ಏಕೆ ಅಷ್ಟು ಮಹತ್ವ ಎಂಬುದು ಈ ಒಂದು ಲೆಕ್ಕದಿಂದ ಮನದಟ್ಟಾಗುತ್ತದೆ. ಅಲೆಯ ಎತ್ತರ ಆಳದ ನಾಲ್ಕನೇ ಮೂಲಕ್ಕೆ ವಿಲೋಮವಾಗಿ ಬೆಳೆಯುತ್ತದೆಂಬ ಗ್ರೀನ್ ನಿಯಮವನ್ನು ಸೇರಿಸಿದರೆ, 3,000 ಮೀಟರಿನಿಂದ 50 ಮೀಟರಿಗೆ ಬರುವಷ್ಟರಲ್ಲಿ ಎತ್ತರ ಸುಮಾರು 2.8 ಪಟ್ಟಾಗುತ್ತದೆಂದು ಗೊತ್ತಾಗುತ್ತದೆ. ಕೊಲ್ಲಿಯ ಓಲಾಟಕ್ಕೆ ಮೆರಿಯನ್ ಸೂತ್ರವಿದೆ: ಒಂದು ಬದಿ ತೆರೆದಿರುವ, 5 ಕಿ.ಮೀ. ಉದ್ದ, 8 ಮೀಟರ್ ಆಳದ ಕೊಲ್ಲಿಯೊಂದನ್ನು ಊಹಿಸಿಕೊಂಡರೆ ಓಲಾಟದ ಅವಧಿ ಸುಮಾರು 38 ನಿಮಿಷ ಬರುತ್ತದೆ, ಅದು ಸುನಾಮಿ ಅಲೆಗಳ ಅವಧಿಯ ವ್ಯಾಪ್ತಿಯೊಳಗೇ ಇದೆ. ಬರುವ ಅಲೆಯ ಅವಧಿಯೂ ಅದೇ ಆದರೆ ಕೊಲ್ಲಿ ಅದನ್ನು ಹಿಗ್ಗಿಸುತ್ತದೆ. ಪದವಿಯ ಮಟ್ಟದ ಸಣ್ಣ ಪ್ರಾಜೆಕ್ಟಿಗೆ ಇಷ್ಟೇ ಸಾಕು, ಖರ್ಚು ಏನೂ ಇಲ್ಲ. ತಿರುಗಿ ಬರುವ ಅಲೆ, ದ್ವೀಪಗಳ ಹಿಂದಿನ ಬಾಗುವಿಕೆ ಮಾತ್ರ ಇದರಲ್ಲಿ ಸಿಗುವುದಿಲ್ಲ.

ಮುಂದಿನ ಹೆಜ್ಜೆ ನಿಗದಿತ ಚೌಕಜಾಲದ ಮಾದರಿಗಳು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತುನಾಮಿ-ಎನ್2, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾಮ್‌ಕಾಟ್, ಟರ್ಕಿಯ ಅಂಕಾರಾದಲ್ಲಿ ಬೆಳೆದ ನಾಮಿ ಡಾನ್ಸ್ ಈ ಬಗೆಯವು. ಹೈದರಾಬಾದಿನ ಇನ್ಕಾಯ್ಸ್‌ನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಮೊದಲೇ ಲೆಕ್ಕ ಹಾಕಿಟ್ಟ ಸನ್ನಿವೇಶಗಳಿಗೆ ಬಳಸಿರುವುದು ತುನಾಮಿ-ಎನ್2ವನ್ನು. ಮಾರ್ಮರಾ ಮತ್ತು ಏಜಿಯನ್ ಕಡಲುಗಳಿಗೆ ನಾಮಿ ಡಾನ್ಸ್ ಬಳಸಿದ ಕೆಲಸ ಸಾಕಷ್ಟಿದೆ. ಇವುಗಳಲ್ಲಿ ದೊಡ್ಡ ಚೌಕಗಳ ಜಾಲದೊಳಗೆ ಸಣ್ಣ ಚೌಕಗಳ ಜಾಲವನ್ನು, ಅದರೊಳಗೆ ಇನ್ನೂ ಸಣ್ಣದನ್ನು ನೀವೇ ಕೈಯಾರೆ ಕೂರಿಸಬೇಕು. ಅದು ಬೇಸರದ ಕೆಲಸ, ಆದರೆ ಎಲ್ಲಿ ಏನು ನಡೆಯುತ್ತಿದೆ ಎಂಬುದು ನಿಮ್ಮ ಹಿಡಿತದಲ್ಲಿರುತ್ತದೆ. ಕಾಮ್‌ಕಾಟ್ ಭೂಕುಸಿತವನ್ನೂ ಒಳಗೊಳ್ಳಬಲ್ಲದು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಆದರೆ ಚೌಕದ ಅಳತೆಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು, ಸಮಯದ ಹೆಜ್ಜೆಗಳು ಎರಡು ಪಟ್ಟು, ಒಟ್ಟು ಕೆಲಸ ಎಂಟು ಪಟ್ಟಾಗುತ್ತದೆಂಬುದನ್ನು ನೆನಪಿಡಬೇಕು.

ಜಿಯೋಕ್ಲಾ ಇವುಗಳಿಗಿಂತ ಬೇರೆ ದಾರಿ ಹಿಡಿಯುತ್ತದೆ. ಕ್ಲಾಪ್ಯಾಕ್ ಎಂಬ ಮುಕ್ತ ತಂತ್ರಾಂಶದ ಭಾಗವಾದ ಇದು ಅಲೆ ಇರುವಲ್ಲಿ ಚೌಕಗಳನ್ನು ತಾನೇ ಸಣ್ಣದಾಗಿಸಿ, ಅಲೆ ದಾಟಿಹೋದ ಮೇಲೆ ಮತ್ತೆ ದೊಡ್ಡದಾಗಿಸುತ್ತದೆ. ಒಕಾಡಾ ಸೂತ್ರ ಅದರಲ್ಲೇ ಇದೆ. ಪೈಥಾನ್ ಗೊತ್ತಿದ್ದರೆ ಸ್ತರಭಂಗದ ಅಳತೆಗಳನ್ನು ಬದಲಿಸುತ್ತ ರಾತ್ರಿಯಿಡೀ ಒಂದರ ಹಿಂದೊಂದು ಓಟ ನಡೆಸುವುದು ಸುಲಭ. ಹಲವು ಊಹೆಗಳನ್ನು ಪರೀಕ್ಷಿಸುವ ನಮ್ಮ ಉದ್ದೇಶಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ, ಹಾಗಾಗಿ ಹೆಚ್ಚಿನವರಿಗೆ ನನ್ನ ಮೊದಲ ಸಲಹೆ ಇದೇ. ಆದರೆ ಮುಚ್ಚಿದ ಕಡಲಿನಲ್ಲಿ ಇದರ ಉಳಿತಾಯ ನಿರೀಕ್ಷಿಸಿದಷ್ಟು ಇರುವುದಿಲ್ಲ. ಒಂದೆರಡು ಗಂಟೆಯಲ್ಲಿ ತಿರುಗಿ ಬಂದ ಅಲೆಗಳು ಕಡಲನ್ನೆಲ್ಲ ತುಂಬಿದಾಗ ಎಲ್ಲೆಡೆಯೂ ಸಣ್ಣ ಚೌಕಗಳೇ ಬೇಕೆಂದು ಅದು ನಿರ್ಧರಿಸುತ್ತದೆ, ಲೆಕ್ಕ ತೆವಳತೊಡಗುತ್ತದೆ. ಚೌಕಗಳನ್ನು ಸಣ್ಣದಾಗಿಸುವ ಪ್ರದೇಶವನ್ನು ನಿಮಗೆ ಬೇಕಾದ ದಂಡೆಗಷ್ಟೇ ಮಿತಿಗೊಳಿಸಿದರೆ ಇದನ್ನು ತಡೆಯಬಹುದು. ವಿಂಡೋಸ್‌ನಲ್ಲಿ ನೇರವಾಗಿ ಓಡದೆ ಲಿನಕ್ಸ್ ಅಥವಾ ಮ್ಯಾಕ್ ಕೇಳುವುದು ಇನ್ನೊಂದು ತೊಡಕು.

ಕಾಮಿಟ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. 2004ರ ದುರಂತದ ಬಳಿಕ ಹಿಂದೂ ಮಹಾಸಾಗರದ ದೇಶಗಳ ಬಳಕೆಗೆಂದು ಅಮೆರಿಕದ ಸಾಗರ–ವಾಯುಮಂಡಲ ಸಂಸ್ಥೆ ನೋವಾ ರೂಪಿಸಿದ ಇದರಲ್ಲಿ, 100 ಕಿ.ಮೀ. ಉದ್ದ, 50 ಕಿ.ಮೀ. ಅಗಲದ ಸ್ತರಭಂಗದ ತುಣುಕುಗಳಿಗೆ ಆಳಸಾಗರದ ಲೆಕ್ಕ ಸಿದ್ಧವಿದೆ. ಅವುಗಳನ್ನು ಕೂಡಿಸಿ ದಂಡೆಯ ಲೆಕ್ಕವನ್ನು ನೀವು ಓಡಿಸಬೇಕು. ಪರದೆಯ ಮೇಲೆ ಒತ್ತಿ ಕೆಲಸ ಮಾಡುವ ಅನುಕೂಲವಿದೆ, ಮಕ್ರಾನಿಗೆ ಸಲ್ಲುತ್ತದೆ. ತುಣುಕುಗಳನ್ನು ಜೋಡಿಸಿರುವುದು ಒಂದು ಭೂಫಲಕ ಇನ್ನೊಂದರಡಿ ನುಗ್ಗುವ ವಲಯಗಳುದ್ದಕ್ಕೂ ಆದ್ದರಿಂದ ಮಾರ್ಮರಾದಂಥ ಕಡಲಿಗೆ ಇದನ್ನು ನೆಚ್ಚಿಕೊಳ್ಳಬೇಡಿ.

ಸ್ಪೇನಿನ ಮಲಾಗಾ ವಿಶ್ವವಿದ್ಯಾಲಯದ ಸುನಾಮಿ-ಹೈಸೀ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವಂಥದು, ಅದರ ವೇಗ ನಿಜಕ್ಕೂ ದೊಡ್ಡದು. ಮೆಡಿಟರೇನಿಯನ್ ಮತ್ತು ಅದರ ನೆರೆಯ ಕಡಲುಗಳಿಗೆ ಸುನಾಮಿ ಅಪಾಯದ ಸಂಭಾವ್ಯತೆಯನ್ನು ಲೆಕ್ಕ ಹಾಕಿದ ನೀಮ್‌ಥಮ್18 ಎಂಬ ಯೋಜನೆ ಇದನ್ನೇ ಬಳಸಿತು. ನೂರಾರು ಊಹೆಗಳನ್ನು ಓಡಿಸುವ ಸಂಶೋಧನಾ ವಿದ್ಯಾರ್ಥಿಗೆ, ಕಾಲೇಜಿನಲ್ಲಿ ಎನ್ವಿಡಿಯಾ ಕಾರ್ಡಿರುವ ಯಂತ್ರವಿದ್ದರೆ, ಇದು ತಕ್ಕ ಆಯ್ಕೆ. ಬಾಡಿಗೆ ಯಂತ್ರಕ್ಕೆ ಹಣ ಕೊಟ್ಟು ಒಂದೇ ಭೂಕಂಪವನ್ನು ಓಡಿಸುವುದಕ್ಕೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಇದುವರೆಗಿನ ಮಾದರಿಗಳು ಮುಖ್ಯವಾಗಿ ಅಲೆಯ ಉದ್ದ ನೀರಿನ ಆಳಕ್ಕಿಂತ ಬಹಳ ಹೆಚ್ಚೆಂಬ ಆಧಾರದ ಮೇಲೆ ನಿಂತಿವೆ. ದೊಡ್ಡ ಸ್ತರಭಂಗಕ್ಕೆ ಅದು ಸರಿ. ಭೂಕುಸಿತದಿಂದ ಎದ್ದ ಗಿಡ್ಡ ಅಲೆಗಳಲ್ಲಿ ಬೇರೆ ಬೇರೆ ಉದ್ದದ ಅಲೆಗಳು ಬೇರೆ ಬೇರೆ ವೇಗದಲ್ಲಿ ಸಾಗಿ ಚದುರುತ್ತವೆ, ಅದನ್ನು ಹಿಡಿಯಲು ಡೆಲಾವೇರ್ ವಿಶ್ವವಿದ್ಯಾಲಯದ ಫನ್‌ವೇವ್‌ನಂಥ ಮಾದರಿ ಬೇಕು. ಮೆಸ್ಸಿನಾ, ಇಜ್ಮಿತ್ ಅಥವಾ 1956ರ ಜುಲೈ 9ರ ಗ್ರೀಸಿನ ಅಮೋರ್ಗೋಸ್ ಭೂಕಂಪದಲ್ಲಿ ಕುಸಿತದ ಪಾತ್ರವನ್ನು ಪರೀಕ್ಷಿಸುವವರು ಇದರ ಭಾರವನ್ನು ಹೊರಲೇಬೇಕು. ಉಳಿದವರು ಹೊರಬೇಕಾಗಿಲ್ಲ.

ಯಾರಿಗೆ ಯಾವುದು?

ಒಂದು ಸೆಮಿಸ್ಟರ್, ಒಂದು ಹಳೆಯ ಲ್ಯಾಪ್‌ಟಾಪ್, ಮಕ್ರಾನಿನಿಂದ ಕಾರವಾರಕ್ಕೆ ಅಲೆ ಬಂದ ಸಮಯ: ಕೈಲೆಕ್ಕವನ್ನು ಮಾಡಿ, ಅದನ್ನು ಜೆಬ್ಕೋ ನಕ್ಷೆಯ ಮೇಲೆ ಕಾಮ್‌ಕಾಟ್‌ನ ಒಂದೇ ಜಾಲದ ಓಟದೊಂದಿಗೆ ಹೋಲಿಸಿ. ಮುಂಬಯಿ ಮತ್ತು ಕರಾಚಿಯ ಉಬ್ಬರಮಾಪಕದ ದಾಖಲೆಗಳೆದುರು ಇಟ್ಟು ನೋಡಬಹುದು. ಮುಳುಗಡೆಯ ನಕ್ಷೆಯ ಗೊಡವೆಗೆ ಹೋಗಬೇಡಿ.

ಒಂದು ವರ್ಷ ಸಮಯವಿದ್ದು ಕ್ರೀಟಿನ 365ರ ಭೂಕಂಪ ಆಯ್ದುಕೊಂಡವರಿಗೆ ಜಿಯೋಕ್ಲಾ ಮತ್ತು ಎಮೋಡ್‌ನೆಟ್. ಸ್ತರಭಂಗದ ನಾಲ್ಕೈದು ಬೇರೆ ಬೇರೆ ಊಹೆಗಳನ್ನು ಓಡಿಸಿ, ಪ್ರತಿಯೊಂದು ಊಹೆಯ ಫಲವನ್ನೂ ಸಾಕ್ಷ್ಯದೊಂದಿಗೆ ತೂಗಿ. ನೀರು ಏರಿದ ಎತ್ತರದ ಅಳತೆಗಳು ಹಲವು ಕಡೆ ಸಿಗುವ ಭೂಕಂಪವಾದರೆ ಐದಾ ಎಂಬ ಜಪಾನೀ ವಿಜ್ಞಾನಿ 1978ರಲ್ಲಿ ಸೂಚಿಸಿದ ಅಳತೆಗೋಲನ್ನು ಬಳಸಬಹುದು: ಪ್ರತಿ ಜಾಗದಲ್ಲೂ ನಿಜದ ಎತ್ತರವನ್ನು ಲೆಕ್ಕದ ಎತ್ತರದಿಂದ ಭಾಗಿಸಿ, ಅವುಗಳ ಗುಣೋತ್ತರ ಸರಾಸರಿ ತೆಗೆಯಬೇಕು; ಈಗ ರೂಢಿಯಲ್ಲಿರುವ ಮಿತಿಯಂತೆ ಅದು 0.95ರಿಂದ 1.05ರ ನಡುವೆ ಬರಬೇಕು, ಚದುರಿಕೆಯ ಅಳತೆ 1.45ಕ್ಕಿಂತ ಕಡಿಮೆ ಇರಬೇಕು.

ಅಘನಾಶಿನಿ, ಶರಾವತಿ, ಕಾಳಿಯ ಅಳಿವೆಗಳ ಗದ್ದೆ, ಮನೆಗಳಿಗೆ ನೀರು ಬರುವುದನ್ನು ತೋರಿಸಬೇಕೆನ್ನುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅವರು ಹಣವನ್ನು ಯಂತ್ರಕ್ಕೆ ಸುರಿಯುವ ಬದಲು ನೆಲದ ಅಳತೆಗೆ ಖರ್ಚು ಮಾಡಲಿ. ಗಜನಿಯ ಒಡ್ಡುಗಳ ಎತ್ತರವನ್ನು ಸರ್ವೇ ಉಪಕರಣದಿಂದ ಅಳೆದು ತಂದರೆ, ಕಾಮ್‌ಕಾಟ್ ಆಗಲಿ ಜಿಯೋಕ್ಲಾ ಆಗಲಿ ಉಪಯುಕ್ತ ಉತ್ತರ ಕೊಡುತ್ತವೆ. ಆ ಅಳತೆಯಿಲ್ಲದೆ ಹೈಸೀಯೂ ಕೊಡಲಾರದು. ಪಂಚಾಯತಿಗೆ ಒಪ್ಪಿಸುವ ನಕ್ಷೆಯಾದರಂತೂ ಒಂದೇ ಗೆರೆ ಎಳೆಯದೆ, ಬೇರೆ ಬೇರೆ ಊಹೆಗಳಲ್ಲಿ ನೀರು ನಿಂತ ಗೆರೆಗಳನ್ನೆಲ್ಲ ತೋರಿಸಬೇಕು, ಏಕೆಂದರೆ ಅದನ್ನು ನೋಡಿ ಮನೆ ಕಟ್ಟುವವರಿರುತ್ತಾರೆ.

ಎರಡು ಮಾದರಿಗಳ ನಡುವೆ ಇನ್ನೂ ತೂಗಾಡುತ್ತಿರುವವರು ಮೊದಲು ಎರಡರಲ್ಲೂ ಮೊನಾಯ್ ಪರೀಕ್ಷೆಯನ್ನು ಓಡಿಸಿ. 1993ರ ಜುಲೈ 12ರಂದು ಜಪಾನ್ ಸಮುದ್ರದಲ್ಲಿ ಆದ ಭೂಕಂಪದ ಅಲೆ ಒಕುಶಿರಿ ದ್ವೀಪದ ಮೊನಾಯ್ ಎಂಬಲ್ಲಿ 30 ಮೀಟರಿಗೂ ಹೆಚ್ಚು ಏರಿತ್ತು. ಆ ಜಾಗವನ್ನು 400ರಲ್ಲಿ ಒಂದು ಪಾಲಿಗೆ ಇಳಿಸಿ ಪ್ರಯೋಗಾಲಯದ ತೊಟ್ಟಿಯಲ್ಲಿ ಕಟ್ಟಿ ಅಳೆದ ಅಂಕಿಅಂಶಗಳು ಮುಕ್ತವಾಗಿ ಸಿಗುತ್ತವೆ. ಅದರ ಆಳ, ಅಲೆ, ದಂಡೆ ಎಲ್ಲವೂ ನಿಖರವಾಗಿ ಗೊತ್ತಿರುವುದರಿಂದ, ಲೆಕ್ಕ ಎಲ್ಲಿ ತಪ್ಪುತ್ತದೆಂದು ಕಂಡುಹಿಡಿಯಲು ಅಲ್ಲಿ ಸಾಧ್ಯ. ಹಾಗೆ ತಪ್ಪಿದ್ದಕ್ಕೆ ಕಾರಣವನ್ನು ನೀವೇ ವಿವರಿಸಬಲ್ಲ ಮಾದರಿ ಯಾವುದೋ, ಅದನ್ನೇ ಮಕ್ರಾನಿಗೂ ಕ್ರೀಟಿಗೂ ಒಯ್ಯಿರಿ.